ಹಲ್ಲಿನ ಡಾಕ್ಟರ ಹತ್ತಿರ ಹನ್ನೊಂದು ಸಲ

(ಮೈಸೂರು, 2024ರ ಆಗಸ್ಟ್. ಬಾಡಿಗೆ ಮನೆಯ ಹೊರಗಿನ ಮೆಟ್ಟಿಲು. ಅಕ್ಕ ಮಧ್ಯಾಹ್ನದ ಬಸ್ಸಿಗೆ ಮಡಿಕೇರಿಯಿಂದ ಬಂದಿಳಿದಿದ್ದಾಳೆ. ಒಳಗೆ ಅಡುಗೆ ನಡೆದಿದೆ.)

ಅಕ್ಕ: ನಿನ್ನ ಹೆಂಡ್ತಿ ಫೋನ್ ಮಾಡಿದ್ಲು.

ತಮ್ಮ: ಜಲ್ಲಿ ವಿಷಯ ತಾನೆ? ಊರಿಗೆಲ್ಲ ಸಾರಿಬಿಟ್ಟಿದ್ದಾಳೆ ಅನ್ಸುತ್ತೆ.

ಅಕ್ಕ: ನನಗೊಬ್ಬಳಿಗೇ ಹೇಳಿದ್ದು. ನೀನೇ ಹೇಳು, ಏನಾಯ್ತು.

ತಮ್ಮ: ಏನೂ ಆಗಿಲ್ಲ ಅಕ್ಕ. ಎದುರು ಸೈಟಲ್ಲಿ ಮನೆ ಕಟ್ತಿದ್ದಾರೆ, ನೋಡು. ರಾತ್ರಿ ಎರಡೂವರೆಗೆ ಟಿಪ್ಪರ್ ಬಂದು ಜಲ್ಲಿ ಸುರೀತು. ನಾನು ಮಗೂನ ಎತ್ಕೊಂಡು ಹೊರಗೆ ಓಡಿದೆ. ಅಷ್ಟೆ.

ಅಕ್ಕ: ಎಲ್ಲಿವರೆಗೆ?

ತಮ್ಮ: ಮೇನ್ ರೋಡಿನ ಹಾಲಿನ ಬೂತ್ ತನಕ. ಬರಿಗಾಲಲ್ಲಿ.

ಅಕ್ಕ: ಮಗು?

ತಮ್ಮ: ಅಳ್ತಿತ್ತು. ನಾನು ಅದರ ಬಾಯಿ ಮುಚ್ಚಿ ಹಿಡ್ಕೊಂಡಿದ್ದೆ. ಇನ್ನೊಂದು ಸಲ ಸದ್ದು ಬರುತ್ತೇನೋ ಅಂತ ಕೇಳಿಸ್ಕೊಳ್ಬೇಕಿತ್ತಲ್ಲ. ಬೂತಿನವನು ಬಂದು ಕೈ ಬಿಡಿಸಿದ.

ಅಕ್ಕ: ನಿದ್ದೆ?

ತಮ್ಮ: ವಯನಾಡಿನ ಗುಡ್ಡ ಕುಸಿತದ ವಿಡಿಯೋ ಬಂದಾಗಿನಿಂದ ಸರಿ ಇಲ್ಲ. ಜುಲೈ 30ರಿಂದ. ನೋಡಬಾರದು ಅಂತೀನಿ, ಬೆರಳು ತಾನಾಗೇ ಅಲ್ಲಿಗೆ ಹೋಗುತ್ತೆ. ಅದಕ್ಕೆ ಎರಡು ವಾರ ಮುಂಚೆ ಅಂಕೋಲಾದ ಶಿರೂರಿನ ಗುಡ್ಡ. ಈಗ ಒಂದು ಕ್ವಾರ್ಟರ್ ಹಾಕಿದ್ರೆ ಹನ್ನೆರಡಕ್ಕೆ ಕಣ್ಣು ಮುಚ್ಚುತ್ತೆ, ಎರಡಕ್ಕೆ ಬಿಡುತ್ತೆ.

ಅಕ್ಕ: ಒಬ್ಬರು ಸೈಕಾಲಜಿಸ್ಟ್ ಇದ್ದಾರೆ, ಇದೇ ಮೈಸೂರಲ್ಲಿ. ಹೋಗಿ ಬಾ.

ತಮ್ಮ: ಅಂದ್ರೆ ನನಗೆ ಹುಚ್ಚು ಅಂತಿದ್ಯಾ?

ಅಕ್ಕ: ಎರಡು ವರ್ಷದ ಹಿಂದೆ ನಾನು ಗುರುವಾರ ಗುರುವಾರ ಇಲ್ಲಿಗೆ ಬರ್ತಿದ್ದೆ, ನೆನಪಿದ್ಯಾ?

ತಮ್ಮ: ಹಲ್ಲು ತೋರಿಸೋಕೆ. ಹನ್ನೊಂದು ಸಲ ಬಂದೆ. ನಾನೇ ತಮಾಷೆ ಮಾಡಿದ್ನಲ್ಲ, ಇಷ್ಟು ಸಲಕ್ಕೆ ಮೂವತ್ತೆರಡೂ ಕೀಳಬಹುದಿತ್ತು ಅಂತ.

ಅಕ್ಕ: ಒಂದು ಹಲ್ಲಿಗೂ ಕೈ ಹಾಕಿಲ್ಲ. ಹುಳುಕು ಈಗಲೂ ಹಾಗೇ ಇದೆ, ನೋಡು.

ತಮ್ಮ: ಅಕ್ಕಾ!

ಅಕ್ಕ: ನಿನಗೆ ಹೇಳೋಕೆ ನಾಚಿಕೆ ಆಯ್ತು. ಹಲ್ಲುನೋವು ಅಂದ್ರೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ. ಎದೆನೋವು ಅಂದ್ರೆ ನೀನು ಜೊತೆಗೆ ಬರ್ತಿದ್ದೆ.

ತಮ್ಮ: ನಿನಗೇನಾಗಿತ್ತು? ನಮ್ಮೂರಿನ ಗುಡ್ಡ ಕುಸಿದ ಮೇಲೆ ಕ್ಯಾಂಪಲ್ಲಿ ಎಲ್ಲರಿಗಿಂತ ಗಟ್ಟಿ ಇದ್ದವಳು ನೀನು. ಸೌಟು ಹಿಡಿದು ಇನ್ನೂರು ಜನಕ್ಕೆ ಬಡಿಸ್ತಿದ್ದೆ.

ಅಕ್ಕ: ಅದೇ ಮೋಸ. ಕೆಲಸ ಇರೋವರೆಗೂ ಗಟ್ಟಿ. 2018ರಲ್ಲಿ ನಮ್ಮ ಗುಡ್ಡ ಕುಸಿದದ್ದು ಕಳೀತು, 19ರಲ್ಲಿ ತೋರ ಊರಿನ ಗುಡ್ಡ, 20ರಲ್ಲಿ ತಲಕಾವೇರಿ ಗುಡ್ಡ, ಎಲ್ಲದಕ್ಕೂ ನಾನೇ ಬೇರೆಯವರಿಗೆ ಧೈರ್ಯ ಹೇಳಿದೆ. 2022ರ ಜೂನ್ ಕೊನೆಯಲ್ಲಿ ಕರಿಕೆ, ಚೆಂಬು, ಪೆರಾಜೆ ಕಡೆ ಭೂಮಿ ನಡುಗಿತ್ತಲ್ಲ? ಸಣ್ಣದು, ಪಾತ್ರೆ ಅಲ್ಲಾಡುವಷ್ಟು. ಅದರ ಮಾರನೇ ವಾರ ಅಂಗನವಾಡಿ ಪಕ್ಕದ ಶೀಟ್ ಮೇಲೆ ಮಳೆ ಹೊಡೆಯೋಕೆ ಶುರುವಾಯ್ತು. ಆಮೇಲೆ ನನಗೆ ಗೊತ್ತಾಗಿದ್ದು, ನಾನು ಹದಿನಾಲ್ಕು ಮಕ್ಕಳ ಜೊತೆ ಗದ್ದೆ ಮಧ್ಯೆ ನಿಂತಿದ್ದೀನಿ ಅಂತ. ಮಕ್ಕಳು ಒದ್ದೆ ಮುದ್ದೆ. ಒಬ್ಬಳ ಕೈಲಿ ಉಪ್ಪಿಟ್ಟಿನ ತಟ್ಟೆ ಹಾಗೇ ಇತ್ತು, ನೀರು ತುಂಬಿ. ಅಡುಗೆ ಸಹಾಯಕಿ ಅಂಚಿನಲ್ಲಿ ನಿಂತು ‘ಟೀಚರ್, ಟೀಚರ್’ ಅಂತ ಕೂಗ್ತಿದ್ದಾಳೆ.

ತಮ್ಮ: ಯಾರೂ ಏನೂ ಅನ್ನಲಿಲ್ವಾ?

ಅಕ್ಕ: ತಾಯಂದಿರು ಬೈದರು. ಒಬ್ಬಳು ಬೈಯಲಿಲ್ಲ, ಮಕ್ಕಂದೂರಿನವಳು, ಅವಳೂ 2018 ಕಂಡವಳು. ಅವಳು ಟವೆಲ್ ತಂದುಕೊಟ್ಟಳು.

ತಮ್ಮ: ಸರಿ, ಆ ಸೈಕಾಲಜಿಸ್ಟ್ ಹತ್ರ ಹೋಗಿ ಏನು ಮಾಡ್ತಿದ್ದೆ? ಹನ್ನೊಂದು ಸಲ ಕೂತು ಅತ್ತೆಯಾ?

ಅಕ್ಕ: ನಾನೂ ಹಾಗೇ ಅಂದ್ಕೊಂಡಿದ್ದೆ. ಮೊದಲು ಕ್ಯಾಂಪಿಗೆ ಬಂದಿದ್ದ ಒಬ್ಬರ ಕಥೆ ಹೇಳ್ತೀನಿ ಕೇಳು. ಅಪ್ಪನ ದೇಹ ಸಿಕ್ಕಿ ನಾಲ್ಕು ದಿನ ಆಗಿತ್ತು. ನಮ್ಮನ್ನೆಲ್ಲ ವೃತ್ತಾಕಾರ ಕೂರಿಸಿ, ಏನೇನು ನೋಡಿದ್ರಿ ಹೇಳಿ, ಒಳಗಿರೋದನ್ನ ಹೊರಗೆ ಹಾಕಿ, ಹಗುರಾಗುತ್ತೆ ಅಂದ್ರು. ಆಮೇಲೆ ಪಾಸಿಟಿವ್ ಆಗಿರಿ ಅಂತ ಹೇಳಿ, ಬಿಸ್ಕತ್ ಕೊಟ್ಟು ಹೋದ್ರು. ಆ ರಾತ್ರಿ ಕ್ಯಾಂಪಿನ ಹಾಲ್‌ನಲ್ಲಿ ಒಬ್ಬರೂ ಮಲಗಲಿಲ್ಲ.

ತಮ್ಮ: ನನಗೂ ನೆನಪಿದೆ. ನಾನು ಎದ್ದು ಹೋದೆ.

ಅಕ್ಕ: ನೀನು ಮಾಡಿದ್ದೇ ಸರಿಯಂತೆ! ಈ ಮೈಸೂರಿನವರು ಹೇಳಿದ್ದು. ಹಸಿ ಹಸಿ ಇರೋವಾಗ ಎಲ್ಲರನ್ನೂ ಕೂರಿಸಿ ಒಂದೇ ಸಲಕ್ಕೆ ಕಕ್ಕಿಸೋದನ್ನ ವಿಶ್ವ ಆರೋಗ್ಯ ಸಂಸ್ಥೆಯೇ ಬೇಡ ಅಂದಿದೆಯಂತೆ. ಆಗ ಬೇಕಾಗೋದು ಒಣಬಟ್ಟೆ, ಬಿಸಿಗಂಜಿ, ಮನೆಯವರು ಎಲ್ಲಿದ್ದಾರೆ ಅನ್ನೋ ಸುದ್ದಿ. ಮಾತಾಡ್ಬೇಕು ಅನ್ನಿಸಿದವನಿಗೆ ಒಂದು ಕಿವಿ. ಹೆಚ್ಚಿನ ಜನ ಅಷ್ಟರಲ್ಲೇ ನಿಧಾನಕ್ಕೆ ಸರಿ ಹೋಗ್ತಾರೆ. ತಿಂಗಳು ದಾಟಿದ್ರೂ ಬಿಡದೆ ಹಿಡ್ಕೊಂಡವರಿಗೆ ಮಾತ್ರ ಚಿಕಿತ್ಸೆ.

ತಮ್ಮ: ನಮಗೆ ತಿಂಗಳಲ್ಲ, ಆರು ವರ್ಷ.

ಅಕ್ಕ: ದೊಡ್ಡಪ್ಪನಿಗೆ ಎಷ್ಟು ವರ್ಷ? 71ರ ಯುದ್ಧದಿಂದ ಬಂದವರು, ಸಾಯೋವರೆಗೂ ಹುತ್ತರಿಯ ದಿನ ಅಟ್ಟ ಹತ್ತಿ ಕೂರ್ತಿದ್ರಲ್ಲ. ಕದಿರು ತೆಗೆಯೋವಾಗ ಈಡು ಹೊಡೆದ ತಕ್ಷಣ. ನಾವು ಕೆಳಗೆ ನಿಂತು ನಗ್ತಿದ್ವಿ, ಮಿಲಿಟ್ರಿಯವರಿಗೆ ಕೋವಿ ಹೆದರಿಕೆ ಅಂತ. ಮನೆಮನೆಗೂ ಸಿಪಾಯಿ ಕೊಟ್ಟ ಜಿಲ್ಲೆ ನಮ್ಮದು, ಈ ಕಾಯಿಲೆಗೊಂದು ಹೆಸರಿಲ್ಲ. ವಿಯೆಟ್ನಾಂನಿಂದ ವಾಪಸ್ ಬಂದ ಅಮೆರಿಕದ ಸಿಪಾಯಿಗಳನ್ನ ನೋಡಿ ನೋಡಿ 1980ರಲ್ಲಿ ಅಲ್ಲಿನ ಡಾಕ್ಟರುಗಳು ಪಿಟಿಎಸ್‌ಡಿ ಅಂತ ತಮ್ಮ ಪುಸ್ತಕಕ್ಕೆ ಸೇರಿಸಿದರಂತೆ. ದೊಡ್ಡಪ್ಪನಿಗೆ ಅಜ್ಜಿ ನೂಲು ಕಟ್ಟಿಸಿದ್ಲು.

ತಮ್ಮ: ಅಜ್ಜಿಯ ನೂಲನ್ನ ಹಂಗಿಸ್ಬೇಡ.

ಅಕ್ಕ: ಹಂಗಿಸ್ತಿಲ್ಲ. ಹೆದರಿಕೆ ಅನ್ನೋದು ಒಳಗೆ ಕೂತು ಕಾಯಿಲೆಯಾಗುತ್ತೆ, ಯಾರಾದ್ರೂ ಎದುರು ಕೂತು ಬಿಡಿಸ್ಬೇಕು ಅಂತ ಅಜ್ಜಿಗೆ ಗೊತ್ತಿತ್ತು. ಬಿಸ್ಕತ್ ಕೊಟ್ಟವರಿಗಿಂತ ಜಾಸ್ತಿ ಗೊತ್ತಿತ್ತು. ನೂಲು ಒಂದು ಹುಣ್ಣಿಮೆ ತಡೀತು, ಅಷ್ಟೆ.

ತಮ್ಮ: ಇವರು ಏನು ಕಟ್ಟಿದ್ರು?

ಅಕ್ಕ: ಮೊದಲೆರಡು ಸಲ ಕಥೆ ಕೇಳಲೇ ಇಲ್ಲ. ಎಷ್ಟು ಹೊತ್ತಿಗೆ ಮಲಗ್ತೀರಿ, ಯಾವ ಶಬ್ದಕ್ಕೆ ಎದ್ದೇಳ್ತೀರಿ, ಎಲ್ಲಿಗೆ ಹೋಗೋದು ಬಿಟ್ಟಿದ್ದೀರಿ, ಸಾಯ್ಬೇಕು ಅನ್ನಿಸಿದ್ಯಾ ಅಂತ. ಕೊನೇದನ್ನ ಬಸ್ ಟೈಮ್ ಕೇಳೋ ಹಾಗೆ ಕೇಳಿದ್ರು. ನಾನು ಹೌದು ಅಂದೆ. ಗಾಬರಿಯಾಗಲಿಲ್ಲ, ಬರ್ಕೊಂಡ್ರು, ಇನ್ನೂ ನಾಲ್ಕು ಪ್ರಶ್ನೆ ಕೇಳಿದ್ರು. ಅಷ್ಟು ಸಲೀಸಾಗಿ ಆ ಮಾತನ್ನ ನಾನು ಯಾರ ಹತ್ರ ಆಡಿದ್ದೆ ಹೇಳು?

ತಮ್ಮ: ನನಗೂ ಹೇಳಿಲ್ಲ.

ಅಕ್ಕ: ನಿನಗೆ ಹೇಳಿದ್ರೆ ನೀನು ಮಲಗ್ತಿದ್ಯಾ? ಮೂರನೇ ಸಲ ಹೋದಾಗ ಹಿಂಗಾರು ಮಳೆ. ಅವರ ಕಿಟಕಿ ಆಚೆ ಸ್ಕೂಟರ್ ನಿಲ್ಲಿಸೋ ಶೆಡ್ಡಿಗೆ ತಗಡು. ಡಬಡಬ ಅಂತ ಶುರುವಾಗಿದ್ದೇ ತಡ, ನಾನು ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಬಾಗಿಲ ಹತ್ರ ನಿಂತಿದ್ದೆ. ಕೂತ್ಕೊಳ್ಳಿ ಅನ್ನಲಿಲ್ಲ ಅವರು. ಎದ್ದು ಬಂದು ನನ್ನ ಪಕ್ಕ ನಿಂತರು. ‘ಕಾಲ ಕೆಳಗೆ ಏನಿದೆ, ನೋಡಿ ಹೇಳಿ’ ಅಂದ್ರು. ಟೈಲ್ಸ್ ಅಂದೆ. ಬಣ್ಣ? ಕಂದು. ಒಡೆದಿರೋದು ಎಷ್ಟು? ಎಣಿಸಿದೆ, ಮೂರು. ‘ಇದು ಯಾವ ಊರು?’ ನನಗೆ ಮೈಸೂರು ಅನ್ನೋಕೆ ಎಷ್ಟು ಹೊತ್ತು ಹಿಡೀತು ಗೊತ್ತಾ? ನಾಲಗೆ ತುದಿಯಲ್ಲಿ ನಮ್ಮೂರಿನ ಹೆಸರೇ ಬರ್ತಿತ್ತು.

ತಮ್ಮ: ನಾನು ಹಾಲಿನ ಬೂತ್ ಹತ್ರ ನಿಂತಿದ್ದಾಗ ಹಾಗೇ ಆಯ್ತು. ಬೂತಿನವನು ‘ಅಣ್ಣಾ’ ಅಂತಿದ್ದಾನೆ, ನನಗೆ ಅವನು ಯಾರು ಅಂತ ಗೊತ್ತಿದೆ, ಆದರೂ ಅವನು ಅಲ್ಲಿಲ್ಲ.

ಅಕ್ಕ: ಅದೇ. ನಡೆದುಹೋಗಿದೆ ಅನ್ನೋ ಸುದ್ದಿ ಒಳಗೆ ಮುಟ್ಟಿಲ್ಲ. ಅದನ್ನ ಮುಟ್ಟಿಸೋ ಕೆಲಸ ನಾಲ್ಕನೇ ಸಲದಿಂದ. ಕಣ್ಣು ಮುಚ್ಚಿ, ಆವತ್ತಿನದನ್ನ ಮೊದಲಿಂದ ಹೇಳಿ ಅಂದ್ರು. ಆದರೆ ‘ಹೋದರು’, ‘ಬಿತ್ತು’ ಅನ್ನಬಾರದು. ‘ಹೋಗ್ತಿದ್ದಾರೆ’, ‘ಬೀಳ್ತಿದೆ’ ಅನ್ನಬೇಕು. ಮುಗಿದ ತಕ್ಷಣ ಮತ್ತೆ ಮೊದಲಿಂದ. ಒಂದೂವರೆ ಗಂಟೆಯಲ್ಲಿ ಮೂರು ಸಲ.

ತಮ್ಮ: ಇದೆಂಥ ಹಿಂಸೆ! ಇದಕ್ಕೆ ದುಡ್ಡು ಬೇರೆ.

ಅಕ್ಕ: ಸಾವಿರದ ಇನ್ನೂರು ಒಂದು ಸಲಕ್ಕೆ. ಸಂಘದಿಂದ ಸಾಲ ತೆಗೆದಿದ್ದೆ. ಆಗ ಶಕ್ತಿ ಯೋಜನೆ ಇರಲಿಲ್ಲ, ಬಸ್‌ಚಾರ್ಜೂ ನನ್ನದೇ. ಹಿಂಸೆ ಹೌದು, ಸುಳ್ಳು ಹೇಳಲ್ಲ. ಮೊದಲ ಸಲ ಮುಗಿಸಿ ಸಬರ್ಬನ್ ಬಸ್ ಸ್ಟ್ಯಾಂಡಲ್ಲಿ ವಾಂತಿ ಮಾಡ್ಕೊಂಡೆ. ಇನ್ನು ಹೋಗಲ್ಲ ಅಂತ ತೀರ್ಮಾನ ಮಾಡಿದ್ದೆ. ಎಷ್ಟೋ ಜನ ಅಲ್ಲೇ ನಿಲ್ಲಿಸ್ತಾರಂತೆ, ಅವರೇ ಮೊದಲೇ ಹೇಳಿದ್ರು. ಅದು ಹೇಳಿದ್ದಕ್ಕೇ ಮತ್ತೆ ಹೋದೆ ನಾನು. ಹೇಳಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿಸಿ, ಮನೆಯಲ್ಲಿ ದಿನಾ ಒಂದು ಸಲ ಕೇಳಬೇಕು ಅಂತ ಹೋಮ್‌ವರ್ಕ್. ಬಚ್ಚಲಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೆ. ಕೇಳೋಕೆ ಮುಂಚೆ ಹೆದರಿಕೆಗೆ ನೂರಕ್ಕೆ ಎಷ್ಟು ಅಂಕ, ಕೇಳಿದ ಮೇಲೆ ಎಷ್ಟು, ಬರೆದಿಡ್ಬೇಕು. ಮೊದಲ ದಿನ 95. ಎರಡನೇ ವಾರದ ಕೊನೆಗೆ ಏನಾಯ್ತು ಹೇಳ್ಲಾ? ಬೇಜಾರು ಬಂತು.

ತಮ್ಮ: ದುಃಖ?

ಅಕ್ಕ: ಅಲ್ಲಪ್ಪ, ಬೋರು! ಒಂದು ದಿನ ನಡುವೆ ಅಕ್ಕಿ ನೆನೆ ಹಾಕಿಲ್ಲ ಅಂತ ಜ್ಞಾಪಕ ಬಂತು. ಅಪ್ಪ ಸಾಯೋ ಕಥೆ ಕಿವೀಲಿ ನಡೀತಿದೆ, ನನಗೆ ರೊಟ್ಟಿಯ ಚಿಂತೆ. ನಾಚಿಕೆಯಿಂದ ಅವರಿಗೆ ಹೇಳಿದ್ರೆ, ಅವರ ಮುಖ ಅರಳಿತು. ಇದಕ್ಕೇ ಕಾಯ್ತಿದ್ದೆ ಅಂದ್ರು.

ತಮ್ಮ: ಮರೆಸೋದಲ್ವಾ ಅವರ ಕೆಲಸ?

ಅಕ್ಕ: ಮರೆಸೋಕೆ ಕ್ವಾರ್ಟರ್ ಇದೆಯಲ್ಲ. ಅಪ್ಪನ್ನ ಮರೆಸ್ತೀನಿ ಅಂದಿದ್ರೆ ನಾನು ಎದ್ದು ಬರ್ತಿದ್ದೆ. ಈಗ ಅಪ್ಪ ಅಂದ್ರೆ ಆ ರಾತ್ರಿ ಒಂದೇ ಬರಲ್ಲ. ಏಲಕ್ಕಿ ಗೂಡಿನ ಹೊಗೆಗೆ ಕಣ್ಣು ಉಜ್ಜಿಕೊಳ್ಳೋ ಅಪ್ಪ ಬರ್ತಾರೆ, ಸಂತೆಯಿಂದ ನನಗೆ ಅಳತೆ ತಪ್ಪಿದ ಚಪ್ಪಲಿ ತರೋ ಅಪ್ಪ ಬರ್ತಾರೆ. ನಾಲ್ಕು ವರ್ಷ ಅವರೆಲ್ಲ ಎಲ್ಲಿದ್ರೋ.

ತಮ್ಮ: ಮಾತ್ರೆ ಕೊಡಲಿಲ್ವಾ?

ಅಕ್ಕ: ಇವರು ಕೊಡೋ ಹಾಗಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರು ಕೊಟ್ರು. ಅವರು ಎಂಬಿಬಿಎಸ್ ಓದಿ ಮೇಲೆ ಸೈಕಿಯಾಟ್ರಿ ಓದಿದವರು. ಇವರು ಕ್ಲಿನಿಕಲ್ ಸೈಕಾಲಜಿಸ್ಟ್, ಎಂ.ಫಿಲ್. ಮಾಡಿ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆದವರು, ನಂಬರ್ ಇರುತ್ತೆ. ಗೋಡೆ ಮೇಲೆ ನೋಡು, ಇಲ್ಲದಿದ್ರೆ ಕೇಳು. ಮೂರು ತಿಂಗಳ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಬೇಕಾದಷ್ಟು ಇದ್ದಾರೆ. ನನಗೆ ಮಾತ್ರೆಯೂ ಬೇಕಾಯ್ತು, ಎಂಟು ತಿಂಗಳು. ನಿದ್ದೆ ಮಾತ್ರೆ ಅಲ್ಲ, ಹಿಡಿಯೋಕೇ ಮೂರ್ನಾಲ್ಕು ವಾರ ಬೇಕು ಅಂಥದ್ದು. ನೀನು ಮೆಡಿಕಲ್ ಸ್ಟೋರಿನವನ ಸ್ನೇಹದಲ್ಲಿ ನಿದ್ದೆ ಮಾತ್ರೆ ತಂದು ನುಂಗ್ತಿದ್ದೀಯಲ್ಲ, ಅದರ ಮೇಲೆ ಕುಡೀಬೇಡ. ನಿನ್ನ ಹೆಂಡ್ತಿ ಅದನ್ನೂ ಹೇಳಿದ್ಲು.

ತಮ್ಮ: ಏನೂ ಬಿಟ್ಟಿಲ್ಲ ಹಾಗಾದ್ರೆ. ಆದರೆ ಅಕ್ಕ, ಸಾವಿರದ ಇನ್ನೂರು ನನ್ನ ಕೈಲಿ ಆಗಲ್ಲ. ಗೂಡ್ಸ್ ಆಟೋಗೆ ಇಎಂಐ ಇದೆ.

ಅಕ್ಕ: ಕೆ.ಆರ್. ಆಸ್ಪತ್ರೆಗೆ ಹೋಗು, ಮನೋರೋಗ ವಿಭಾಗ ಇದೆ. ಚೀಟಿ ಮಾಡಿಸಿ ಕಾಯ್ಬೇಕು, ಕಾಯಿ. ರಾತ್ರಿ ಎರಡಕ್ಕೆ ಎಚ್ಚರ ಆದ್ರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ಇಡೀ ದಿನ ಇರುತ್ತೆ. ಅದರಲ್ಲಿ ಚಿಕಿತ್ಸೆ ಮುಗಿಯಲ್ಲ, ಆ ರಾತ್ರಿ ದಾಟುತ್ತೆ.

ತಮ್ಮ: ಅವರು ಯಾರಿಗಾದ್ರೂ ಹೇಳಿಬಿಟ್ರೆ? ಸ್ಟ್ಯಾಂಡಿನವರಿಗೆ ಗೊತ್ತಾದ್ರೆ ಯಾರು ಬಾಡಿಗೆ ಕೊಡ್ತಾರೆ, ತಲೆ ಸರಿ ಇಲ್ಲದವನಿಗೆ?

ಅಕ್ಕ: ಹೇಳೋ ಹಾಗಿಲ್ಲ, 2017ರ ಕಾಯ್ದೆಯಲ್ಲೇ ಇದೆ. ನಿನ್ನಿಂದ ನಿನಗೋ ಇನ್ನೊಬ್ಬರಿಗೋ ಜೀವಕ್ಕೆ ಅಪಾಯ ಅನ್ನಿಸಿದ್ರೆ ಬೇರೆ, ಅದನ್ನ ಮೊದಲ ದಿನವೇ ಹೇಳಿಬಿಡ್ತಾರೆ. ಸ್ಟ್ಯಾಂಡಿನವರಿಗೆ ನೀನು ಹಲ್ಲುನೋವು ಅನ್ನು.

ತಮ್ಮ: ನಗಬೇಡ. ನೀನು ಓದಿದವಳು, ಮಾತು ಬರುತ್ತೆ. ನನಗೆ ಎದುರು ಕೂತು ಏನು ಹೇಳ್ಬೇಕು ಗೊತ್ತಾಗಲ್ಲ.

ಅಕ್ಕ: ನನಗೂ ಒಂದು ಮಾತು ಐದು ವಾರ ಬರಲಿಲ್ಲ. ಆ ರಾತ್ರಿ ನಾವೆಲ್ಲ ಕೊಟ್ಟಿಗೆಗೆ ಬೆನ್ನು ಹಾಕಿ ರಸ್ತೆ ಕಡೆ ಹೊರಟಿದ್ವಿ, ಅಲ್ವಾ? ಆಗ ‘ಅಪ್ಪ, ಹಸು ಬಿಚ್ಚಿಲ್ಲ’ ಅಂದಿದ್ದು ನಾನು.

ತಮ್ಮ: ನೀನು ಅಂದಿದ್ಯಾ? ನನಗೆ ಕೇಳಿಸಲೇ ಇಲ್ಲ.

ಅಕ್ಕ: ಯಾರಿಗೂ ಕೇಳಿಸಿಲ್ಲ ಅಂತ ನನಗೆ ಗೊತ್ತಿತ್ತು. ಆರು ವರ್ಷದಿಂದ ನಿನ್ನ ಮುಖ ನೋಡೋವಾಗೆಲ್ಲ, ಇವನಿಗೆ ಕೇಳಿಸಿರಲಿಲ್ಲ ಅಂತಲೇ ನೋಡ್ತಿದ್ದೆ. ಅವರಿಗೆ ಹೇಳಿದಾಗ ಅವರು ‘ಅಯ್ಯೋ, ನಿಮ್ಮ ತಪ್ಪಲ್ಲ’ ಅನ್ನಲಿಲ್ಲ. ಅಂದಿದ್ರೆ ನಾನು ಹೌದೌದು ಅಂತ ತಲೆ ಆಡಿಸಿ ಎದ್ದು ಬರ್ತಿದ್ದೆ. ಒಂದು ಹಾಳೆ ತಗೊಂಡು ರೊಟ್ಟಿಯಷ್ಟು ದೊಡ್ಡ ವೃತ್ತ ಬರೆದ್ರು. ಅಪ್ಪ ಹೋಗೋಕೆ ಏನೇನು ಕಾರಣ, ಒಂದೊಂದಕ್ಕೂ ಎಷ್ಟು ತುಂಡು ಕೊಡ್ತೀರಿ, ನಿಮ್ಮದನ್ನ ಕೊನೆಗೆ ಬರೀರಿ ಅಂದ್ರು. ಮಳೆಗೆ ಕೊಟ್ಟೆ. ರಸ್ತೆಗೆ ಅಂತ ಮೇಲಿನ ಬರೆ ಅಗೆದದ್ದಕ್ಕೆ ಕೊಟ್ಟೆ. ಕತ್ತಲಿಗೆ, ಕರೆಂಟ್ ಇಲ್ಲದ್ದಕ್ಕೆ. ಹಸು ಬಿಟ್ಟು ಒಂದು ದಿನ ಬದುಕದ ಅಪ್ಪನ ಸ್ವಭಾವಕ್ಕೆ ದೊಡ್ಡ ತುಂಡು. ನನಗೆ ಅಂತ ಉಳಿದದ್ದು ಪೆನ್ಸಿಲ್ ಗೆರೆಯಷ್ಟು.

ತಮ್ಮ: ಅಷ್ಟಕ್ಕೆ ಸರಿಯಾಯ್ತಾ?

ಅಕ್ಕ: ಇಲ್ಲ. ಗೆರೆಯೂ ಚುಚ್ಚುತ್ತಲ್ಲ. ಆದರೆ ಆರನೇ ವಾರ ಮತ್ತೆ ಕಣ್ಣು ಮುಚ್ಚಿ ಹೇಳ್ತಿರೋವಾಗ ಒಂದು ಕಂಡಿತು. ಅವರು ಹೊಳೆಸಿಕೊಟ್ಟಿದ್ದಲ್ಲ, ಅವರಿಗೆ ಆ ಸಾಮಾನಿನ ಹೆಸರೂ ಗೊತ್ತಿಲ್ಲ, ಏನದು ಅಂತ ಕೇಳಿದ್ರು. ನಾನು ಹಸು ಬಿಚ್ಚಿಲ್ಲ ಅನ್ನೋ ಹೊತ್ತಿಗೆ ಅಪ್ಪನ ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಇತ್ತು. ಕೈಲಿ ಟಾರ್ಚ್. ಅಂದ್ರೆ ಅವರು ಆಗಲೇ ಹೊರಟಿದ್ರು.

ತಮ್ಮ: ನೀಲಿ ಕೊಪ್ಪೆ.

ಅಕ್ಕ: ಹೌದು, ನೀಲಿ. ನಿನಗೆ ಹೇಗೆ...

ತಮ್ಮ: ನಾನೇ ಕೊಟ್ಟಿದ್ದು ಅಕ್ಕ. ‘ಒದ್ದೆಯಾಗ್ತೀರಿ, ಹಾಕ್ಕೊಳ್ಳಿ’ ಅಂತ ಕೊಪ್ಪೆ ಕೊಡ್ತಿದ್ದೀನಿ. ಟಾರ್ಚ್ ನನ್ನ ಕೈಲಿದೆ, ಅದನ್ನೂ ಕೊಡ್ತಿದ್ದೀನಿ. ಅವರು ಕೇಳಿಲ್ಲ. ನಾನೇ ಮುಂದೆ ಮಾಡ್ತಿದ್ದೀನಿ. ನಾನು ಹೋಗಬಹುದು, ನನಗೆ ಇಪ್ಪತ್ತೆಂಟು ವರ್ಷ, ಅವರಿಗೆ ಮಂಡಿನೋವು. ನಾನು ಟಾರ್ಚ್ ಕೊಟ್ಟು ನಿಂತಿದ್ದೀನಿ.

ಅಕ್ಕ: ಇರು. ಉಸಿರು ಬಿಡು ಮೊದಲು.

ತಮ್ಮ: ಹೇಳು, ನನ್ನ ತುಂಡು ಎಷ್ಟು?

ಅಕ್ಕ: ನಾನು ಹೇಳೋ ಹಾಗಿಲ್ಲ ಕಣೋ.

ತಮ್ಮ: ಯಾಕೆ? ನಿನಗೆ ಎಲ್ಲ ಗೊತ್ತಾಗಿದೆಯಲ್ಲ.

ಅಕ್ಕ: ನೀನು ಕೊಪ್ಪೆ ಅಂದ ತಕ್ಷಣ ನನಗೆ ಮೊದಲು ಏನನ್ನಿಸಿತು ಗೊತ್ತಾ? ಅಬ್ಬ, ನಾನೊಬ್ಬಳೇ ಅಲ್ಲ ಅಂತ. ಆಮೇಲೆ, ಇವನೇ ಹೋಗಬಹುದಿತ್ತಲ್ಲ ಅಂತಲೂ ಒಂದು ಕ್ಷಣ ಬಂತು. ನೋಡಿದ್ಯಾ? ಇಂಥ ಕಿವಿಗೆ ನೀನು ಅದನ್ನ ಹೇಳಬಾರದು. ನನಗೂ ಆ ರಾತ್ರಿಯಲ್ಲಿ ಪಾಲಿದೆ. ಪಾಲಿಲ್ಲದವರ ಮುಂದೆ ಕೂತು ಹೇಳು. ಆಮೇಲೆ ಬೇಕಾದ್ರೆ ನಾವಿಬ್ಬರೂ ಕೂತ್ಕೊಳ್ಳೋಣ.

ತಮ್ಮ: ಅಮ್ಮನಿಗೆ ಗೊತ್ತಾ, ನೀನು ಹೇಳಿದ್ದು?

ಅಕ್ಕ: ಹೋದ ವರ್ಷ ಹೇಳಿದೆ. ‘ನನಗೆ ಕೇಳಿಸಿತ್ತು’ ಅಂದ್ಲು. ಅಷ್ಟು ಹೇಳಿ ಕಾಫಿಗೆ ನೀರಿಡೋಕೆ ಹೋದ್ಲು.

ತಮ್ಮ: ಈಗ ನಿನಗೆ ಮಳೆ ಬಂದ್ರೆ ಏನೂ ಆಗಲ್ವಾ?

ಅಕ್ಕ: ಆಗುತ್ತೆ. ಆಶ್ಲೇಷ ಮಳೆ ಮುಗಿದು ಮಘೆ ಹುಟ್ಟೋ ದಿನ ಈಗಲೂ ಕಿವಿ ನೆಟ್ಟಗಾಗುತ್ತೆ. ಬಾಗಿಲ ಹಿಂದೆ ಚೀಲ ಇದೆ, ಆಧಾರ್, ಆರ್‌ಟಿಸಿ, ಟಾರ್ಚ್. ತೆಗೀಬೇಕಾ ಅಂತ ಕೇಳಿದೆ. ಯಾಕೆ ತೆಗೀತೀರಿ, ನೀವಿರೋದು ಕೊಡಗಲ್ಲಿ ಅಂದ್ರು. ಹೆದರಬೇಕಾದ ಮಳೆಗೆ ಹೆದರಿ, ಎಲ್ಲ ಮಳೆಗೂ ಬೇಡ ಅಂತ. ಜೂನಲ್ಲಿ ನೇತುಹಾಕಿ ನವೆಂಬರಲ್ಲಿ ಒಳಗಿಡ್ತೀನಿ.

ತಮ್ಮ: ನನ್ನ ಚೀಲ ಆಟೋ ಸೀಟಿನ ಕೆಳಗಿದೆ.

ಅಕ್ಕ: ಮೈಸೂರಲ್ಲಿ ಯಾವ ಗುಡ್ಡ ಬೀಳುತ್ತೋ?

ತಮ್ಮ: 2021ರಲ್ಲಿ ಚಾಮುಂಡಿ ಬೆಟ್ಟದ ನಂದಿ ರಸ್ತೆ ಕುಸಿದಿರಲಿಲ್ವಾ?

ಅಕ್ಕ: ಅಲ್ಲಿಂದ ಇಲ್ಲಿಗೆ ಎಷ್ಟು ದೂರ?

ತಮ್ಮ: ಎಂಟು ಕಿಲೋಮೀಟರ್. ಅಳೆದಿದ್ದೀನಿ.

ಅಕ್ಕ: ಅದನ್ನೂ ಅವರಿಗೆ ಹೇಳು. ಜಲ್ಲಿಯಿಂದ ಶುರು ಮಾಡು, ಕೊಪ್ಪೆಗೆ ಅವರೇ ಕರ್ಕೊಂಡು ಹೋಗ್ತಾರೆ. ಮೊದಲ ದಿನವೇ ಹೇಳಲೇಬೇಕು ಅಂತಿಲ್ಲ. ಇಬ್ಬರಿಗೂ ಹೊಂದದಿದ್ರೆ ಇನ್ನೊಬ್ಬರ ಹತ್ರ ಹೋಗು, ಚಪ್ಪಲಿ ಕಚ್ಚಿದ್ರೆ ಬದಲಾಯಿಸಲ್ವಾ, ಹಾಗೆ.

ತಮ್ಮ: ಸೋಮವಾರ ಬಾಡಿಗೆ ಇದೆ. ಮಂಗಳವಾರ ನೋಡ್ತೀನಿ. ಹೆಂಡ್ತಿಗೆ ಏನಂತ ಹೇಳ್ಲಿ? ಹಲ್ಲುನೋವು ಅಂದ್ರೆ ನಂಬ್ತಾಳಾ?

ಅಕ್ಕ: ಅವಳು ನಂಬಲ್ಲ. ನಾನು ಎರಡನೇ ಸಲ ಬಂದಾಗಲೇ ನನ್ನ ಬ್ಯಾಗಲ್ಲಿ ರಸೀದಿ ನೋಡಿದ್ಲಂತೆ. ಒಂದು ಮಾತು ಕೇಳಲಿಲ್ಲ. ಆದರೆ ಗುರುವಾರ ಗುರುವಾರ ಗಂಜಿ ಮಾಡಿಡ್ತಿದ್ಲು ನೋಡು, ಅಗಿಯೋದು ಬೇಡ ಅಂತ.

ತಮ್ಮ: ಅದಕ್ಕೇನಾ ನನಗೂ ಗಂಜಿ ಹಾಕ್ತಿದ್ದಿದ್ದು? ನಾನು ಅಕ್ಕಿ ಖಾಲಿ ಆಗಿದೆ ಅಂದ್ಕೊಂಡಿದ್ದೆ.

ಅಕ್ಕ: ಏಳು, ಕರೀತಿದ್ದಾಳೆ.